ಆ ಕರಾವಳಿಯ ಜಮೀನು ಯಾರದ್ದು?

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ, ಸ್ವಲ್ಪ ಸೇರಿಸಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಪ್ಪು ಜನರ ಚರಿತ್ರೆ ಅಂದರೆ ನಮಗೆ ಥಟ್ಟನೆ ಹೊಳೆಯುವ ಹೆಸರು ನಾಲ್ಕೈದು. ಲಿಂಕನ್, ರೋಸಾ ಪಾರ್ಕ್ಸ್, ಮಾರ್ಟಿನ್ ಲೂಥರ್ ಕಿಂಗ್, ಒಬಾಮ. ಅದರಲ್ಲೂ ಮೊದಲನೆಯವರು ಬಿಳಿಯರು! 1865ರಲ್ಲಿ ಗುಲಾಮಗಿರಿ ಹೋಯಿತು, 1955ರಲ್ಲಿ ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ಶುರುವಾಯಿತು. ನಡುವಿನ ತೊಂಬತ್ತು ವರ್ಷ ಆ ಜನ ಏನು ಮಾಡುತ್ತಿದ್ದರು? ಸುಮ್ನೆ ಕೂತು ಕಾಯುತ್ತಿದ್ದರಾ? ನಾವು ಓದಿದ ಪಾಠಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಇವತ್ತು ಇಡೀ ಅಮೆರಿಕ ಸುತ್ತುವುದು ಬೇಡ. ಒಂದೇ ಕರಾವಳಿ ಹಿಡಿಯೋಣ. ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಊರಿನಿಂದ ಜಾರ್ಜಿಯಾದ ಸವಾನಾವರೆಗೆ, ಅಲ್ಲಿಂದ ಇನ್ನಷ್ಟು ಕೆಳಗೆ, ಸಮುದ್ರಕ್ಕೆ ಅಂಟಿಕೊಂಡಂತೆ ಸಾಲು ಸಾಲು ದ್ವೀಪಗಳಿವೆ. ಸೇಂಟ್ ಹೆಲೆನಾ, ಎಡಿಸ್ಟೊ, ಹಿಲ್ಟನ್ ಹೆಡ್, ಪೋರ್ಟ್ ರಾಯಲ್. ಪೋರ್ಟ್ ರಾಯಲ್ ದ್ವೀಪದ ಮೇಲೆ ಬ್ಯೂಫರ್ಟ್ ಅನ್ನುವ ಸಣ್ಣ ಊರು. ಈ ಕರಾವಳಿಯ ಕಥೆ ಹೇಳುವವರು ಸಾಮಾನ್ಯವಾಗಿ ಯುದ್ಧದ ಕಡೆಗೋ ಹಾಡು ಕುಣಿತದ ಕಡೆಗೋ ಹೋಗುತ್ತಾರೆ. ನನಗೆ ಜಾಸ್ತಿ ಕಾಡಿದ್ದು ಜಮೀನು. ಯಾರು ಉತ್ತರು, ಯಾರ ಹೆಸರಲ್ಲಿ ಇತ್ತು, ಯಾವ ಕಾಗದದ ಮೇಲೆ ಬಂತು, ಯಾವ ಕಾಗದದ ಮೇಲೆ ಹೋಯಿತು. ಅದನ್ನು ಹಿಡಿದು ಹೊರಟರೆ ಉಳಿದದ್ದೆಲ್ಲ ಹಿಂದೆ ಹಿಂದೆ ಬರುತ್ತದೆ.

ಮೊದಲು ಭತ್ತ. ಹದಿನೆಂಟನೇ ಶತಮಾನದಲ್ಲಿ ಈ ಭಾಗದ ಬಿಳಿಯ ಜಮೀನ್ದಾರರು ಶ್ರೀಮಂತರಾದದ್ದು ಅಕ್ಕಿಯಿಂದ. ಇಂಗ್ಲೆಂಡಿನಿಂದ ಬಂದವರಿಗೆ ಭತ್ತದ ಬೇಸಾಯ ಎಲ್ಲಿ ಗೊತ್ತಿರುತ್ತದೆ? ಅದು ಗೊತ್ತಿದ್ದದ್ದು ಪಶ್ಚಿಮ ಆಫ್ರಿಕಾದ ಜನಕ್ಕೆ. ಇಂದಿನ ಸೆನೆಗಲ್, ಗ್ಯಾಂಬಿಯಾ, ಗಿನಿ, ಸಿಯೆರಾ ಲಿಯೋನ್ ಕಡೆಯಿಂದ ಹಿಡಿದು ತಂದವರಿಗೆ ಚಾರ್ಲ್‌ಸ್ಟನ್ ಸಂತೆಯಲ್ಲಿ ಬೇಡಿಕೆ ಹೆಚ್ಚು. ಸಿಯೆರಾ ಲಿಯೋನ್‌ನ ಬನ್ಸ್ ದ್ವೀಪದ ಕೋಟೆಯಿಂದ ಹಡಗುಗಳು ನೇರ ಇಲ್ಲಿಗೆ ಬರುತ್ತಿದ್ದವು. ಬೇಸಾಯದ ಜಾಣ್ಮೆಯಲ್ಲಿ ಆಫ್ರಿಕಾದ್ದು ಎಷ್ಟು, ಇಲ್ಲೇ ಕಲಿತದ್ದು ಎಷ್ಟು ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಆಡಿಕೊಳ್ಳಲಿ. ಜೌಗು ಕಾಡು ಕಡಿದು, ಮೈಲುಗಟ್ಟಲೆ ಏರಿ ಕಟ್ಟಿ, ತೂಬು ಇಟ್ಟು ಗದ್ದೆ ಮಾಡಿದವರು ಯಾರು ಅನ್ನುವುದರಲ್ಲಿ ಜಗಳವಿಲ್ಲ.

ತೂಬಿನ ಕೆಲಸ ಚೆನ್ನಾಗಿದೆ, ಸ್ವಲ್ಪ ಕೇಳಿ. ಸಮುದ್ರದ ಉಬ್ಬರ ಬಂದಾಗ ಅದು ಹೊಳೆಯ ಸಿಹಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಹೊಳೆ ಏರುತ್ತದೆ. ಆಗ ತೂಬು ತೆರೆದರೆ ಗದ್ದೆಗೆ ನೀರು. ಇಳಿತದಲ್ಲಿ ಮತ್ತೆ ತೆರೆದರೆ ನೀರು ತಾನೇ ಹೊರಗೆ. ಲೆಕ್ಕ ತಪ್ಪಿ ಉಪ್ಪುನೀರು ಒಳಗೆ ಬಂತೋ, ಬೆಳೆ ಹೋಯಿತು. ಬೆಳೆದ ಭತ್ತವನ್ನು ಹೆಂಗಸರು ಒನಕೆಯಲ್ಲಿ ಕುಟ್ಟಿ, ಹುಲ್ಲಿನಿಂದ ಹೆಣೆದ ಅಗಲ ಮೊರದಲ್ಲಿ ಕೇರುತ್ತಿದ್ದರು. ಆ ಹೆಣಿಗೆ ಇವತ್ತಿಗೂ ಉಳಿದಿದೆ. ಚಾರ್ಲ್‌ಸ್ಟನ್ ಪೇಟೆಯಲ್ಲಿ ಪ್ರವಾಸಿಗರು ದುಬಾರಿ ಬೆಲೆ ಕೊಟ್ಟು ಕೊಳ್ಳುವ ಬುಟ್ಟಿಗಳು ಇದೇ ಕೈಕೆಲಸದ ಮುಂದುವರಿಕೆ.

ಜೌಗು ಅಂದ ಮೇಲೆ ಸೊಳ್ಳೆ, ಸೊಳ್ಳೆ ಅಂದ ಮೇಲೆ ಮಲೇರಿಯಾ. ಬೇಸಿಗೆ ಬಂತೆಂದರೆ ಒಡೆಯರು ಹೆಂಡತಿ ಮಕ್ಕಳ ಸಮೇತ ಊರು ಬಿಡುತ್ತಿದ್ದರು. ಗದ್ದೆಯಲ್ಲಿ ಉಳಿಯುತ್ತಿದ್ದವರು ಗುಲಾಮರು ಮತ್ತು ಬೆರಳೆಣಿಕೆಯ ಮೇಸ್ತ್ರಿಗಳು. ಹೀಗೆ ತಲೆಮಾರುಗಟ್ಟಲೆ ತಮ್ಮಷ್ಟಕ್ಕೆ ತಾವೇ ಇದ್ದದ್ದರಿಂದ ಆ ಜನಕ್ಕೆ ತಮ್ಮದೇ ಭಾಷೆ, ಅಡುಗೆ, ಹಾಡು ಉಳಿದವು. ಅವರನ್ನು ಗಲಾ ಜನ ಅನ್ನುತ್ತಾರೆ, ಜಾರ್ಜಿಯಾ ಕಡೆ ಗೀಚಿ ಅಂತಲೂ ಕರೆಯುತ್ತಾರೆ.

ಈಗ 1861ಕ್ಕೆ ಬನ್ನಿ. ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದ ಕೇಂದ್ರ ಸರ್ಕಾರಕ್ಕೂ ಅಂತರ್ಯುದ್ಧ ಶುರುವಾಗಿ ಏಳು ತಿಂಗಳು. ನವೆಂಬರ್ 7ರಂದು ಉತ್ತರದವರ ನೌಕಾಪಡೆ ಪೋರ್ಟ್ ರಾಯಲ್ ಮೇಲೆ ಗುಂಡು ಸುರಿಸಿತು. ಬಿಳಿಯ ಜಮೀನ್ದಾರರು ಎದ್ದೆವೋ ಬಿದ್ದೆವೋ ಅಂತ ಓಡಿಹೋದರು. ಸುಮಾರು ಹತ್ತು ಸಾವಿರ ಗುಲಾಮರು ಅಲ್ಲೇ ಉಳಿದರು. ಒಡೆಯರ ಜೊತೆ ಬನ್ನಿ ಅಂದರೆ ಹೋಗಲಿಲ್ಲ. ಲಿಂಕನ್ ಅವರ ವಿಮೋಚನಾ ಘೋಷಣೆ ಬರಲು ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇತ್ತು.

ಆ ಹೊತ್ತಿಗೆ ರಾಬರ್ಟ್ ಸ್ಮಾಲ್ಸ್‌ಗೆ 22 ವರ್ಷ. ಹುಟ್ಟಿದ್ದು 1839ರ ಏಪ್ರಿಲ್ 5, ಬ್ಯೂಫರ್ಟ್ ಊರಿನ ಪ್ರಿನ್ಸ್ ಸ್ಟ್ರೀಟ್‌ನಲ್ಲಿ, ಹೆನ್ರಿ ಮೆಕೀ ಎಂಬವರ ಮನೆಯ ಹಿತ್ತಲಿನ ಗುಲಾಮರ ಕೋಣೆಯಲ್ಲಿ. ತಾಯಿ ಲಿಡಿಯಾ ಆ ಮನೆಯ ಕೆಲಸದವರು. ಹನ್ನೆರಡು ವರ್ಷವಾದಾಗ ಹುಡುಗನನ್ನು ಚಾರ್ಲ್‌ಸ್ಟನ್‌ಗೆ ದುಡಿಯಲು ಕಳಿಸಿದರು. ಸಂಬಳ ಒಡೆಯನಿಗೆ, ವಾರಕ್ಕೆ ಒಂದು ಡಾಲರ್ ಹುಡುಗನಿಗೆ. ಹೋಟೆಲಿನಲ್ಲಿ ಬಡಿಸಿದ, ಬೀದಿದೀಪ ಹಚ್ಚಿದ, ಬಂದರಿನಲ್ಲಿ ಸಾಮಾನು ಹೊತ್ತ, ಕೊನೆಗೆ ಹಡಗಿನ ಚುಕ್ಕಾಣಿ ಹಿಡಿಯುವುದನ್ನು ಕಲಿತ. ಹದಿನೇಳಕ್ಕೆ ಮದುವೆ. ಹೆಂಡತಿ ಹ್ಯಾನಾ ಹೋಟೆಲಿನಲ್ಲಿ ಕೆಲಸಕ್ಕಿದ್ದ ಗುಲಾಮ ಹೆಣ್ಣುಮಗಳು. ಹೆಂಡತಿ ಬೇರೆಯವರ ಆಸ್ತಿ, ಹುಟ್ಟಿದ ಮಗುವೂ ಅವರದ್ದೇ ಆಸ್ತಿ. ಅವರಿಬ್ಬರನ್ನು ಬಿಡಿಸಿಕೊಳ್ಳಲು 800 ಡಾಲರ್ ಬೆಲೆ ನಿಗದಿಯಾಯಿತು. ಸ್ಮಾಲ್ಸ್ ಕೂಡಿಸಿದ್ದು 100. ವಾರಕ್ಕೆ ಒಂದು ಡಾಲರ್ ಉಳಿಸಿದರೂ ಬಾಕಿ ತೀರಲು ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕಿ.

ಯುದ್ಧದಲ್ಲಿ ಅವರನ್ನು 'ಪ್ಲಾಂಟರ್' ಎಂಬ ಹಬೆ ಹಡಗಿಗೆ ಹಾಕಿದರು. ಹತ್ತಿ ಸಾಗಿಸುತ್ತಿದ್ದ ಹಡಗು, ಈಗ ದಕ್ಷಿಣದ ಸೇನೆಗೆ ಫಿರಂಗಿ, ಮದ್ದುಗುಂಡು ಹೊರುತ್ತಿತ್ತು. ಬಂದರಿನ ನೀರೊಳಗೆ ಸಿಡಿಗುಂಡು ಎಲ್ಲೆಲ್ಲಿ ಇಟ್ಟಿದ್ದಾರೆ ಅನ್ನುವುದು ಸ್ಮಾಲ್ಸ್‌ಗೆ ಗೊತ್ತು. ಕೋಟೆ ದಾಟುವಾಗ ಯಾವ ಶಿಳ್ಳೆ ಹಾಕಬೇಕು ಅನ್ನುವುದೂ ಗೊತ್ತು. ಕಪ್ಪು ಮನುಷ್ಯನಿಗೆ ಇಷ್ಟೆಲ್ಲ ಗೊತ್ತಿದ್ದು ಏನು ಮಾಡಿಯಾನು ಅಂತ ಅಧಿಕಾರಿಗಳು ಯೋಚಿಸಲೇ ಇಲ್ಲ.

1862ರ ಮೇ 12ರ ರಾತ್ರಿ ಮೂವರು ಬಿಳಿಯ ಅಧಿಕಾರಿಗಳು ನಿಯಮ ಮುರಿದು ಮನೆಗೆ ಮಲಗಲು ಹೋದರು. ಬೆಳಗಿನ ಜಾವ ಮೂರರ ಸುಮಾರಿಗೆ ಬಾಯ್ಲರ್ ಹೊತ್ತಿತು. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ತಲೆಗಿಟ್ಟರು. ಹಡಗು ಸದ್ದಿಲ್ಲದೆ ಇನ್ನೊಂದು ಕಟ್ಟೆಗೆ ಹೋಯಿತು, ಅಲ್ಲಿ ಅಡಗಿದ್ದ ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡಿತು. ಒಟ್ಟು 16 ಜನ. ಸಿಕ್ಕಿಬಿದ್ದರೆ ಹಡಗನ್ನೇ ಸಿಡಿಸುವುದು, ಅದೂ ಆಗದಿದ್ದರೆ ಕೈ ಕೈ ಹಿಡಿದು ಸಮುದ್ರಕ್ಕೆ ಹಾರುವುದು ಅಂತ ಮೊದಲೇ ಮಾತಾಗಿತ್ತು. ಮಕ್ಕಳಿದ್ದರು ಅನ್ನುವುದನ್ನು ಮರೆಯಬೇಡಿ.

ಫೋರ್ಟ್ ಸಮ್ಟರ್ ಕೋಟೆ ಎದುರು ಬಂದಾಗ ನಾಲ್ಕೂವರೆ. ಟೋಪಿ ಸ್ವಲ್ಪ ಮುಂದಕ್ಕೆಳೆದು, ಕ್ಯಾಪ್ಟನ್ ನಿಲ್ಲುವ ಭಂಗಿಯಲ್ಲೇ ನಿಂತು, ಸ್ಮಾಲ್ಸ್ ಶಿಳ್ಳೆ ಹಾಕಿದರು. ಕೋಟೆಯವರು ಹೋಗಿ ಅಂದರು. ಫಿರಂಗಿಯ ಅಳತೆ ದಾಟಿದ ಮೇಲೆ ದಕ್ಷಿಣದ ಬಾವುಟ ಇಳಿಯಿತು, ಹ್ಯಾನಾ ತಂದಿದ್ದ ಹಾಸಿಗೆಯ ಬಿಳಿ ಬಟ್ಟೆ ಏರಿತು. ಉತ್ತರದವರ ಕಾವಲು ಹಡಗು ಗುಂಡು ಹಾರಿಸುವುದರಲ್ಲಿತ್ತು, ಆ ಬಿಳಿ ಬಟ್ಟೆ ಸರಿಯಾದ ಹೊತ್ತಿಗೆ ಕಣ್ಣಿಗೆ ಬಿತ್ತು. ಹಡಗಿನ ಜೊತೆ ಫಿರಂಗಿಗಳೂ ಸಂಕೇತಗಳ ಪುಸ್ತಕವೂ ಉತ್ತರದವರ ಕೈಸೇರಿದವು.

ಇಲ್ಲಿಗೆ ಸಿನಿಮಾ ಆದರೆ ಮುಗಿಯುತ್ತಿತ್ತು. ನನಗೆ ಕುತೂಹಲ ಹೆಚ್ಚಿದ್ದು ಇದರ ಮುಂದಿನ ಭಾಗದಲ್ಲಿ. ಹಡಗು ತಂದುಕೊಟ್ಟದ್ದಕ್ಕೆ ಸ್ಮಾಲ್ಸ್‌ಗೆ 1,500 ಡಾಲರ್ ಬಹುಮಾನ ಬಂತು. ಅದೇ ವರ್ಷ ವಾಷಿಂಗ್ಟನ್‌ಗೆ ಹೋಗಿ, ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳಿ ಅಂತ ಕೇಳುವವರ ಜೊತೆ ದನಿ ಸೇರಿಸಿದರು. ಪೋರ್ಟ್ ರಾಯಲ್‌ನಲ್ಲಿ ಐದು ಸಾವಿರದವರೆಗೆ ಸೇರಿಸಿಕೊಳ್ಳಲು ಆಗಸ್ಟ್‌ನಲ್ಲಿ ಆಜ್ಞೆ ಬಂತು. 1863ರ ಡಿಸೆಂಬರ್‌ನಲ್ಲಿ ಪ್ಲಾಂಟರ್ ಹಡಗು ಗುಂಡಿನ ಮಳೆಗೆ ಸಿಕ್ಕಾಗ ಬಿಳಿಯ ಕ್ಯಾಪ್ಟನ್ ಕಲ್ಲಿದ್ದಲ ಕೋಣೆಯಲ್ಲಿ ಅವಿತುಕೊಂಡ. ಚುಕ್ಕಾಣಿ ಹಿಡಿದು ಹಡಗು ಉಳಿಸಿದವರು ಸ್ಮಾಲ್ಸ್. ಅವರೇ ಕ್ಯಾಪ್ಟನ್ ಆದರು.

ಮತ್ತೆ ಆ ಮನೆ. ಬಂಡೆದ್ದ ರಾಜ್ಯಗಳ ಜಮೀನಿನ ಮೇಲೆ ಕೇಂದ್ರ ಸರ್ಕಾರ 1862ರಲ್ಲಿ ನೇರ ತೆರಿಗೆ ಹಾಕಿತು. ಓಡಿಹೋದ ಒಡೆಯರು ಕಟ್ಟಲಿಲ್ಲ, ಆಸ್ತಿ ಹರಾಜಿಗೆ ಬಂತು. ಬ್ಯೂಫರ್ಟ್‌ನ ಪ್ರಿನ್ಸ್ ಸ್ಟ್ರೀಟಿನ ಮನೆಯೂ ಬಂತು, ಸ್ಮಾಲ್ಸ್ ಅದನ್ನು ಕೊಂಡರು. ಹಿತ್ತಲಿನ ಕೋಣೆಯಲ್ಲಿ ಹುಟ್ಟಿದವರು ಮುಂಬಾಗಿಲಿಂದ ಒಳಗೆ ಹೋದರು. ಯುದ್ಧ ಮುಗಿದ ಮೇಲೆ ಹಳೇ ಮಾಲೀಕರ ಕಡೆಯವರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 1878ರಲ್ಲಿ ಸ್ಮಾಲ್ಸ್ ಪರವಾಗಿ ತೀರ್ಪು ಕೊಟ್ಟಿತು. ಇದು ಒಂದು ಮನೆಯ ವಿಷಯ ಮಾತ್ರ ಅಲ್ಲ. ಅದೇ ಹರಾಜಿನಲ್ಲಿ ಕೊಂಡ ಎಲ್ಲರ ಹಕ್ಕೂ ಆ ತೀರ್ಪಿನ ಮೇಲೆ ನಿಂತಿತ್ತು. ವಯಸ್ಸಾಗಿ ಬುದ್ಧಿ ಮಸುಕಾದ ಮೆಕೀ ಮನೆಯೊಡತಿ ಒಂದು ದಿನ ಅದು ಇನ್ನೂ ತನ್ನದೇ ಮನೆ ಅಂತ ತಿಳಿದು ಬಂದರಂತೆ, ಸ್ಮಾಲ್ಸ್ ಒಳಗೆ ಕರೆದು ಇರಿಸಿಕೊಂಡರಂತೆ. ಊರಲ್ಲಿ ಹೀಗೆ ಹೇಳುತ್ತಾರೆ. ನಾನು ಇದನ್ನು 'ಅಂತೆ' ಸೇರಿಸಿಯೇ ಹೇಳುತ್ತೇನೆ.

ಇದೇ ಬ್ಯೂಫರ್ಟ್‌ಗೆ 1862ರಲ್ಲಿ ಹ್ಯಾರಿಯೆಟ್ ಟಬ್‌ಮನ್ ಬಂದರು. ಗುಲಾಮರನ್ನು ಗುಟ್ಟಾಗಿ ಉತ್ತರಕ್ಕೆ ದಾಟಿಸಿದವರು ಅಂತ ಅವರ ಹೆಸರು ಕೆಲವರು ಕೇಳಿರಬಹುದು. ಇಲ್ಲಿ ಅವರು ಮಾಡಿದ್ದು ಬೇಹುಗಾರಿಕೆ. 1863ರ ಜೂನ್ ಆರಂಭದಲ್ಲಿ ಕಂಬಾಹಿ ನದಿಯ ಮೇಲೆ ಕಪ್ಪು ಸೈನಿಕರ ದಂಡು ಹಡಗುಗಳಲ್ಲಿ ಹೋಯಿತು. ದಾರಿ ತೋರಿಸಿದ್ದು ಟಬ್‌ಮನ್ ಮತ್ತು ಅವರ ಬೇಹಿನವರು. ಅಕ್ಕಿಯ ಉಗ್ರಾಣಗಳನ್ನು ಸುಟ್ಟರು, ತೂಬು ಒಡೆದರು. ಒಂದೇ ರಾತ್ರಿಯಲ್ಲಿ 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಆ ದೃಶ್ಯವನ್ನು ಟಬ್‌ಮನ್ ಆಮೇಲೆ ನಗುತ್ತಾ ಹೇಳಿದ್ದು ದಾಖಲಾಗಿದೆ. ಒಲೆಯಿಂದ ಆಗತಾನೇ ಇಳಿಸಿದ, ಹೊಗೆಯಾಡುವ ಅನ್ನದ ಪಾತ್ರೆಯನ್ನು ತಲೆ ಮೇಲೆ ಹೊತ್ತು, ಬೆನ್ನಿಗೆ ಮಗು ಕಟ್ಟಿಕೊಂಡು ಓಡಿಬಂದ ಹೆಂಗಸು. ಒಂದು ಬಿಳಿ ಹಂದಿ, ಒಂದು ಕಪ್ಪು ಹಂದಿ. ಬಿಳಿಯದಕ್ಕೆ ದಕ್ಷಿಣದ ಸೇನಾಪತಿ ಬ್ಯೂರಿಗಾರ್ಡ್‌ನ ಹೆಸರು, ಕರಿಯದಕ್ಕೆ ದಕ್ಷಿಣದ ಅಧ್ಯಕ್ಷ ಜೆಫ್ ಡೇವಿಸ್‌ನ ಹೆಸರು ಇಟ್ಟರಂತೆ. ಇಂಥ ಕೆಲಸಕ್ಕೆ ಸರ್ಕಾರ ಕೊಟ್ಟ ಪಿಂಚಣಿ? ದಶಕಗಟ್ಟಲೆ ಓಡಾಡಿಸಿ, ಮೊದಲು ಕೊಟ್ಟಿದ್ದು ಸೈನಿಕನ ವಿಧವೆಗೆ ಸಿಗುವ ತಿಂಗಳಿಗೆ 8 ಡಾಲರ್. 1899ರಲ್ಲಿ ಅದು 20 ಆಯಿತು.

ಈಗ ಜಮೀನಿನ ದೊಡ್ಡ ಕಥೆ. 1865ರ ಜನವರಿ 12ರಂದು ಸವಾನಾದಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ ಇಪ್ಪತ್ತು ಜನ ಕಪ್ಪು ಪಾದ್ರಿಗಳನ್ನು ಕರೆಸಿ, ನಿಮಗೆ ಏನು ಬೇಕು ಅಂತ ಕೇಳಿದರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜಿಯರ್, 67 ವರ್ಷದ ಹಿರಿಯರು. ತಮ್ಮನ್ನೂ ಹೆಂಡತಿಯನ್ನೂ ಸಾವಿರ ಡಾಲರ್ ಕೊಟ್ಟು ಬಿಡಿಸಿಕೊಂಡವರು. ಅವರ ಉತ್ತರ ತೀರಾ ಸರಳ. ನಮಗೆ ಭೂಮಿ ಇರಬೇಕು, ಅದನ್ನು ನಾವೇ ಉಳಬೇಕು, ನಮ್ಮ ದುಡಿಮೆಯಿಂದಲೇ ನಾವು ಬದುಕುತ್ತೇವೆ. 'ಉಳುವವನೇ ಹೊಲದೊಡೆಯ' ಅಂತ ನಮ್ಮಲ್ಲಿ ಕೂಗಿದ್ದು ನೂರು ವರ್ಷ ಆಮೇಲೆ, ಅಲ್ವಾ?

ನಾಲ್ಕೇ ದಿನಕ್ಕೆ ಶರ್ಮನ್ ಆಜ್ಞೆ ಹೊರಡಿಸಿದರು. ಈ ಕರಾವಳಿಯ ಜಮೀನನ್ನು ಕುಟುಂಬಕ್ಕೆ ಹೆಚ್ಚೆಂದರೆ ನಲವತ್ತು ಎಕರೆಯಂತೆ ಹಂಚಿ ಅಂತ. ಸುಮಾರು ನಲವತ್ತು ಸಾವಿರ ಜನ ಬಂದು ನೆಲೆಸಿದರು, ಬಿತ್ತಿದರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾಯಿತು. ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೇ ಒಡೆಯರಿಗೆ ಕ್ಷಮೆ ಕೊಡುತ್ತಾ ಹೋದರು, ಜಮೀನು ವಾಪಸ್ ಮಾಡಿ ಅಂದರು. ಆ ಸುದ್ದಿ ಹೇಳಲು ಅಕ್ಟೋಬರ್‌ನಲ್ಲಿ, ಬಿಡುಗಡೆಯಾದವರ ವ್ಯವಹಾರ ನೋಡುವ ಸರ್ಕಾರಿ ಇಲಾಖೆಯ ಮುಖ್ಯಸ್ಥ ಜನರಲ್ ಹೋವರ್ಡ್ ಎಡಿಸ್ಟೊ ದ್ವೀಪದ ಚರ್ಚಿಗೆ ಬಂದರು. ಜನ ಒಪ್ಪಲಿಲ್ಲ. ಹೆನ್ರಿ ಬ್ರಾಮ್, ಇಶ್ಮಾಯೆಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರ ಸಮಿತಿ ಅವರಿಗೆ ಪತ್ರ ಬರೆಯಿತು. ಜಮೀನ್ದಾರರನ್ನು ಕ್ಷಮಿಸಿ ಅನ್ನುತ್ತೀರಿ. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಹೊಡೆದವನು, ತನ್ನ ಬೆಲೆಗೆ ತನ್ನ ಹೊಲದಲ್ಲಿ ದುಡಿ ಅನ್ನುವವನು, ಅವನನ್ನು ಕ್ಷಮಿಸುವುದು ನನ್ನಿಂದಾಗದು. ಪತ್ರದ ಧಾಟಿ ಹೀಗಿದೆ. ಬೇಡಿಕೊಳ್ಳುವ ದನಿ ಇದರಲ್ಲಿಲ್ಲ, ಎದುರು ಕೂತು ವಾದ ಮಾಡುವವರ ದನಿ. ಆದರೂ ಜಮೀನು ಹೋಯಿತು.

ಪಕ್ಕದ ಸೇಂಟ್ ಹೆಲೆನಾ ದ್ವೀಪದಲ್ಲಿ ಮಾತ್ರ ಹಾಗಾಗಲಿಲ್ಲ. ಯಾಕೆ? ಅಲ್ಲಿನವರು ಜಮೀನನ್ನು ಕೊಂಡಿದ್ದರು. ತೆರಿಗೆ ಬಾಕಿಗೆ ಬಂದ ಭೂಮಿಯಲ್ಲಿ ಒಂದಿಷ್ಟನ್ನು ಹತ್ತೆಕರೆಯಂಥ ಸಣ್ಣ ತುಂಡು ಮಾಡಿ, ಎಕರೆಗೆ ಒಂದೂವರೆ ಡಾಲರಿನಂತೆ ಕಪ್ಪು ಕುಟುಂಬಗಳಿಗೆ ಮಾರಿದ್ದರು. ಸೈನಿಕರ ಬಟ್ಟೆ ಒಗೆದು, ಮೊಟ್ಟೆ ಮಾರಿ, ಸೇನೆಯ ಸಂಬಳ ಕೂಡಿಸಿ ಕೊಂಡ ಜಮೀನು. ಕೈಯಲ್ಲಿ ಕ್ರಯಪತ್ರ ಇತ್ತು. ಆಜ್ಞೆಯಿಂದ ಬಂದದ್ದು ಇನ್ನೊಂದು ಆಜ್ಞೆಗೆ ಹೋಯಿತು, ಕ್ರಯಪತ್ರ ಇದ್ದದ್ದು ನಿಂತಿತು. 'ನಲವತ್ತು ಎಕರೆ'ಯ ಮೋಸದ ಕಥೆಯನ್ನು ಅಮೆರಿಕದಲ್ಲಿ ಎಲ್ಲರೂ ಹೇಳುತ್ತಾರೆ. ಆ ಹತ್ತೆಕರೆಯ ಕಥೆಯನ್ನು ಹೇಳುವವರು ಕಡಿಮೆ. ನನಗೆ ಇದೇ ದೊಡ್ಡದು ಅನಿಸುತ್ತದೆ.

ಇದೇ ದ್ವೀಪದಲ್ಲಿ 1862ರಲ್ಲಿ ಪೆನ್ ಶಾಲೆ ಶುರುವಾಯಿತು. ಲಾರಾ ಟೌನ್, ಎಲೆನ್ ಮರ್ರಿ ಎಂಬ ಇಬ್ಬರು ಬಿಳಿಯ ಹೆಂಗಸರು ಕಟ್ಟಿದ ಶಾಲೆ. ಫಿಲಡೆಲ್ಫಿಯಾದಿಂದ ಶಾರ್ಲಟ್ ಫೋರ್ಟನ್ ಎಂಬ ಕಪ್ಪು ಯುವತಿ ಪಾಠ ಹೇಳಲು ಬಂದರು. ತರಗತಿ ನಡೆದದ್ದು ಗುಲಾಮರೇ ಇಟ್ಟಿಗೆ ಜೋಡಿಸಿ ಕಟ್ಟಿದ ಚರ್ಚಿನೊಳಗೆ. ಹಿಲ್ಟನ್ ಹೆಡ್‌ನಲ್ಲಿ ಮಿಚೆಲ್‌ವಿಲ್ ಅಂತ ಒಂದು ಊರನ್ನೇ ಬಿಡುಗಡೆಯಾದವರು ಕಟ್ಟಿಕೊಂಡರು. ತಮ್ಮದೇ ಚುನಾವಣೆ, ತಮ್ಮದೇ ಕಟ್ಟಳೆ. ಆರರಿಂದ ಹದಿನೈದು ವರ್ಷದ ಮಕ್ಕಳು ಶಾಲೆಗೆ ಹೋಗಲೇಬೇಕು ಅಂತ ನಿಯಮ. ಆ ರಾಜ್ಯದಲ್ಲಿ ಅಂಥ ನಿಯಮ ಮಾಡಿದ ಮೊದಲ ಊರು ಅದು. ಅಕ್ಷರ ಕಲಿತರೆ ಚಾಟಿ ಏಟು ಬೀಳುತ್ತಿದ್ದ ಜನ ಮಾಡಿದ ನಿಯಮ.

ಸ್ಮಾಲ್ಸ್ ಕೂಡ ಓದು ಕಲಿತದ್ದು ದೊಡ್ಡವರಾದ ಮೇಲೆ. ಹಡಗು ರಿಪೇರಿಗೆ ಅಂತ ಫಿಲಡೆಲ್ಫಿಯಾದಲ್ಲಿದ್ದಾಗ ಪಾಠ ಹೇಳಿಸಿಕೊಂಡರು. ಅಲ್ಲೇ ಒಮ್ಮೆ ಅವರನ್ನು ಟ್ರಾಮಿನಲ್ಲಿ ಕೂರಲು ಬಿಡಲಿಲ್ಲ. ಯುದ್ಧವೀರನಿಗೇ ಹೀಗಾ ಅಂತ ಗಲಾಟೆಯಾಯಿತು. 1867ರಲ್ಲಿ ಪೆನ್ಸಿಲ್ವೇನಿಯಾ ಆ ಭೇದವನ್ನು ಕಾನೂನಿನಿಂದ ತೆಗೆಯಿತು. ರೋಸಾ ಪಾರ್ಕ್ಸ್‌ಗಿಂತ ಎಷ್ಟು ಹಿಂದೆ ನೋಡಿ. ಮರುವರ್ಷ ದಕ್ಷಿಣ ಕೆರೊಲಿನಾದ ಹೊಸ ಸಂವಿಧಾನ ಬರೆಯುವ ಸಭೆಯಲ್ಲಿ ಅವರಿದ್ದರು. ಎಲ್ಲ ಮಕ್ಕಳಿಗೂ ಉಚಿತ ಸರ್ಕಾರಿ ಶಾಲೆ ಬೇಕು ಅಂತ ಪಟ್ಟು ಹಿಡಿದರು, ಅದು ಸಂವಿಧಾನಕ್ಕೆ ಸೇರಿತು. ಆಮೇಲೆ ರಾಜ್ಯದ ಶಾಸಕರಾದರು, 1875ರಿಂದ 1887ರ ನಡುವೆ ಐದು ಅವಧಿಗೆ ವಾಷಿಂಗ್ಟನ್‌ನ ಸಂಸತ್ತಿನಲ್ಲಿದ್ದರು. ನಡುವೆ ಲಂಚದ ಆರೋಪ ಹೊರಿಸಿ ಶಿಕ್ಷೆ ಕೊಡಿಸಿದರು, 1879ರಲ್ಲಿ ಕ್ಷಮೆ ಸಿಕ್ಕಿತು. ಕೆಂಪು ಅಂಗಿ ತೊಟ್ಟ ಬಿಳಿಯ ಬಂದೂಕುಧಾರಿಗಳು ಮತಗಟ್ಟೆಗಳಲ್ಲಿ ಕಪ್ಪು ಜನರನ್ನು ಹೆದರಿಸುತ್ತಿದ್ದ ಕಾಲ ಅದು.

1895ರಲ್ಲಿ ಕಪ್ಪು ಜನರ ಮತ ಕಿತ್ತುಕೊಳ್ಳಲೆಂದೇ ಇನ್ನೊಂದು ಸಂವಿಧಾನ ಸಭೆ ಸೇರಿತು. 160 ಸದಸ್ಯರಲ್ಲಿ ಕಪ್ಪು ಜನ ಆರೇ ಆರು, ಅವರಲ್ಲಿ ಸ್ಮಾಲ್ಸ್ ಒಬ್ಬರು. ಕಪ್ಪು ಬಿಳಿ ಮದುವೆ ನಿಷೇಧಿಸಬೇಕು ಅಂತ ಚರ್ಚೆ ಬಂದಾಗ ಅವರು ಎದ್ದು ಒಂದು ತಿದ್ದುಪಡಿ ಮಂಡಿಸಿದರು. ಆಗಲಿ, ಹಾಗಾದರೆ ಕಪ್ಪು ಹೆಂಗಸಿನ ಜೊತೆ ಸಂಸಾರ ನಡೆಸುವ ಬಿಳಿಯ ಗಂಡಸು ಯಾವ ಸರ್ಕಾರಿ ಹುದ್ದೆಗೂ ಅನರ್ಹ, ಹುಟ್ಟಿದ ಮಗುವಿಗೆ ಅವನ ಹೆಸರು, ಅವನ ಆಸ್ತಿ ಎರಡೂ ಸಿಗಬೇಕು. ಸಭೆಯಲ್ಲಿ ಕೂತಿದ್ದವರ ಮುಖ ಹೇಗಾಗಿರಬೇಡ! ತಿದ್ದುಪಡಿ ಬಿದ್ದುಹೋಯಿತು. ಹೊಸ ಸಂವಿಧಾನಕ್ಕೆ ಸ್ಮಾಲ್ಸ್ ಸಹಿ ಹಾಕಲಿಲ್ಲ. 1915ರಲ್ಲಿ ಅವರು ತೀರಿಕೊಂಡರು.

ಕೊನೆಯದಾಗಿ ಜಾರ್ಜಿಯಾದ ಹ್ಯಾರಿಸ್ ನೆಕ್. 1930ರ ದಶಕದಲ್ಲಿ ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಭಾಷಾವಿಜ್ಞಾನಿ ಗಲಾ ಮಾತು ಕೆಟ್ಟ ಇಂಗ್ಲಿಷ್ ಅಲ್ಲ ಅಂತ ತೋರಿಸಲು ಊರೂರು ತಿರುಗಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದರು. ಹ್ಯಾರಿಸ್ ನೆಕ್‌ನಲ್ಲಿ ಅಮೀಲಿಯಾ ಡಾಲಿ ಎಂಬವರು ಅಜ್ಜಿಯಿಂದ ಬಂದ ಒಂದು ಹಾಡು ಹೇಳಿದರು. ಅರ್ಥ ಅವರಿಗೇ ಗೊತ್ತಿರಲಿಲ್ಲ. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆ. 1990ರ ದಶಕದಲ್ಲಿ ಸಂಶೋಧಕರು ಆ ಹಾಡನ್ನು ಹಿಡಿದು ಸಿಯೆರಾ ಲಿಯೋನ್ ಸುತ್ತಿದಾಗ, ಸೆನೆಹುನ್ ಎನ್ಗೋಲಾ ಹಳ್ಳಿಯಲ್ಲಿ ಬೆಂಡು ಜಬಾಟಿ ಎಂಬ ಹೆಂಗಸು ಅದೇ ಹಾಡು ಹೇಳಿದರು. ಅಲ್ಲಿ ಅದು ಸತ್ತವರನ್ನು ಕಳಿಸಿಕೊಡುವಾಗ ಹೆಂಗಸರು ಹಾಡುವ ಹಾಡು. 1997ರಲ್ಲಿ ಅಮೀಲಿಯಾ ಅವರ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋಗಿಬಂದರು. ಸಾಗರ ದಾಟಿ, ಇನ್ನೂರು ವರ್ಷ ದಾಟಿ ಹಾಡು ಉಳಿದಿತ್ತು.

ಊರು ಉಳಿದಿರಲಿಲ್ಲ. 1942ರಲ್ಲಿ ಯುದ್ಧದ ವಿಮಾನ ನಿಲ್ದಾಣಕ್ಕೆ ಅಂತ ಸರ್ಕಾರ ಹ್ಯಾರಿಸ್ ನೆಕ್‌ನ ಜಮೀನನ್ನು ವಶಪಡಿಸಿಕೊಂಡಿತು. ಕೆಲವೇ ವಾರದಲ್ಲಿ ಜನ ಮನೆ ಖಾಲಿ ಮಾಡಬೇಕಾಯಿತು. ಯುದ್ಧ ಮುಗಿದ ಮೇಲೂ ಜಮೀನು ವಾಪಸ್ ಬರಲಿಲ್ಲ, 1962ರಲ್ಲಿ ಅದು ಪಕ್ಷಿ ಪ್ರಾಣಿಗಳ ರಕ್ಷಿತ ತಾಣ ಆಯಿತು. ಇಲ್ಲಿ ಕ್ರಯಪತ್ರವೂ ಕಾಯಲಿಲ್ಲ.

ಹಿಲ್ಟನ್ ಹೆಡ್‌ನಲ್ಲಿ ಜಮೀನು ಹೋದ ದಾರಿ ಬೇರೆ. 1956ರಲ್ಲಿ ಸೇತುವೆ ಆಯಿತು. ರೆಸಾರ್ಟ್, ಗಾಲ್ಫ್ ಮೈದಾನ ಬಂದವು. ಗೇಟು ಹಾಕಿದ ಬಡಾವಣೆಗಳಿಗೆ, ಗುಲಾಮರು ದುಡಿದ ಜಮೀನುಗಳನ್ನು ಕರೆಯುತ್ತಿದ್ದಂತೆ 'ಪ್ಲಾಂಟೇಶನ್' ಅಂತಲೇ ಹೆಸರಿಟ್ಟರು, ನಾಚಿಕೆಯಿಲ್ಲದೆ. ಗಲಾ ಕುಟುಂಬಗಳ ಜಮೀನು ಹೆಚ್ಚಾಗಿ ಉಯಿಲು ಇಲ್ಲದೆ ತಾತನಿಂದ ಮೊಮ್ಮಕ್ಕಳಿಗೆ ಬಂದದ್ದು. ನಮ್ಮ ಹಳ್ಳಿಗಳಲ್ಲಿ ಪೋಡಿಯಾಗದೆ, ಸತ್ತ ಅಜ್ಜನ ಹೆಸರಲ್ಲೇ ಖಾತೆ ಇರುವ ಜಂಟಿ ಜಮೀನು ಇರುತ್ತದಲ್ಲ, ಹಾಗೆ. ನ್ಯೂಯಾರ್ಕ್‌ನಲ್ಲಿರುವ, ಊರನ್ನೇ ನೋಡದ ಒಬ್ಬ ಮೊಮ್ಮಗ ತನ್ನ ಪಾಲನ್ನು ಬಿಲ್ಡರ್‌ಗೆ ಮಾರುತ್ತಾನೆ. ಬಿಲ್ಡರ್ ಈಗ ಪಾಲುದಾರ. ಅವನು ವಿಭಾಗ ಮಾಡಿಕೊಡಿ ಅಂತ ಕೋರ್ಟಿಗೆ ಹೋಗುತ್ತಾನೆ. ಇಷ್ಟೊಂದು ವಾರಸುದಾರರಿಗೆ ತುಂಡು ಮಾಡಲಾಗದು ಅಂತ ಕೋರ್ಟು ಇಡೀ ಜಮೀನನ್ನು ಹರಾಜಿಗೆ ಹಾಕುತ್ತದೆ. ಹರಾಜಿನಲ್ಲಿ ದುಡ್ಡಿರುವವನು ಯಾರು ಅಂತ ಹೇಳಬೇಕಾಗಿಲ್ಲ. ದಕ್ಷಿಣ ಕೆರೊಲಿನಾ 2016ರಲ್ಲಿ ಇದಕ್ಕೆ ತಡೆ ಹಾಕುವ ಕಾನೂನು ಮಾಡಿತು. ಈಗ ಮೊದಲು ನ್ಯಾಯವಾದ ಬೆಲೆ ಕಟ್ಟಿಸಬೇಕು, ಮನೆಯವರಿಗೆ ಆ ಪಾಲು ಕೊಳ್ಳಲು ಅವಕಾಶ ಕೊಡಬೇಕು. ಕಾನೂನಿಗೆ ಕ್ಲೆಮೆಂಟಾ ಪಿಂಕ್ನಿ ಅವರ ಹೆಸರಿದೆ. 2015ರಲ್ಲಿ ಚಾರ್ಲ್‌ಸ್ಟನ್ ಚರ್ಚಿನಲ್ಲಿ ಗುಂಡಿಗೆ ಬಲಿಯಾದ ಪಾದ್ರಿ, ರಾಜ್ಯದ ಸೆನೆಟರ್ ಕೂಡ ಆಗಿದ್ದವರು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಸೇರಿಸಿಬಿಡುತ್ತೇನೆ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಒಬ್ಬರು ಕೇಳಿದರು. ಅವರ ಹಿರಿಯರೂ ಆಫ್ರಿಕಾದಿಂದ ಬಂದವರೇ. ಆದರೆ ಬಂದ ದಾರಿ ಬೇರೆ, ಇಲ್ಲಿನ ಕಾಡು, ಕೂಲಿ, 2003ರಲ್ಲಿ ಸಿಕ್ಕ ಪರಿಶಿಷ್ಟ ಪಂಗಡದ ಸ್ಥಾನ, ಎಲ್ಲವೂ ಬೇರೆ. ಅದನ್ನು ಈ ಕಥೆಯ ಬಾಲಕ್ಕೆ ಕಟ್ಟುವುದು ಸರಿಯಲ್ಲ. ಅದಕ್ಕೆ ಇನ್ನೊಂದು ಸಂಜೆ ಬೇಕು, ಸಿದ್ದಿಗಳೇ ಬಂದು ಮಾತಾಡಿದರೆ ಇನ್ನೂ ಒಳ್ಳೆಯದು.

ಅಟ್ಲಾಂಟಾದಲ್ಲಿ ಮಗ ಇರುವ ಒಬ್ಬರು, ಇದನ್ನೆಲ್ಲ ನೋಡಬಹುದಾ ಅಂದರು. ಖಂಡಿತ. ಅಟ್ಲಾಂಟಾದಿಂದ ಸವಾನಾಗೆ ಕಾರಿನಲ್ಲಿ ನಾಲ್ಕು ಗಂಟೆ, ಅಲ್ಲಿಂದ ಬ್ಯೂಫರ್ಟ್‌ಗೆ ಒಂದು ಗಂಟೆ. ಅಲ್ಲಿ ಯುದ್ಧದ ನಂತರದ ಆ ಕಾಲಕ್ಕೇ ಮೀಸಲಾದ ರಾಷ್ಟ್ರೀಯ ಉದ್ಯಾನ ಇದೆ, 2017ರಲ್ಲಿ ಒಬಾಮ ಮೊದಲು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ್ದು. ಪೆನ್ ಶಾಲೆಯ ಆವರಣ ಸೇಂಟ್ ಹೆಲೆನಾ ದ್ವೀಪದಲ್ಲಿದೆ. 1960ರ ದಶಕದಲ್ಲಿ ಕಿಂಗ್ ತಮ್ಮ ಸಂಗಡಿಗರ ಜೊತೆ ಸಭೆ ನಡೆಸುತ್ತಿದ್ದ ಜಾಗ ಕೂಡ ಅದೇ. ಮಿಚೆಲ್‌ವಿಲ್ ಇದ್ದ ಜಾಗ ಹಿಲ್ಟನ್ ಹೆಡ್‌ನಲ್ಲಿ ಈಗ ಪಾರ್ಕು. ಪ್ರಿನ್ಸ್ ಸ್ಟ್ರೀಟಿನ ಮನೆಯ ನಂಬರ್ 511. ರಸ್ತೆಯಿಂದಲೇ ಕಾಣುತ್ತದೆ, ಒಳಗೆ ಬಿಡುತ್ತಾರಾ ಅನ್ನುವುದನ್ನು ಹೋಗುವ ಮೊದಲೇ ವಿಚಾರಿಸಿಕೊಳ್ಳಿ.